ಅರ್ಜಿ ಸ್ವೀಕೃತವಾಗಲಿಲ್ಲ: ತಪ್ಪು ಯಾರದು?

2005ರ ಡಿಸೆಂಬರ್ 8ರಂದು ಟೋಕಿಯೊ ಷೇರು ವಿನಿಮಯ ಕೇಂದ್ರದಲ್ಲಿ ಜೆ-ಕಾಮ್ ಎಂಬ ಸಣ್ಣ ಕಂಪನಿಯ ಷೇರುಗಳು ಮೊದಲ ಬಾರಿಗೆ ಮಾರುಕಟ್ಟೆಗೆ ಬಂದವು. ಮಿಜುಹೊ ಸೆಕ್ಯುರಿಟೀಸ್ ಎಂಬ ದಲ್ಲಾಳಿ ಸಂಸ್ಥೆಗೆ ಗ್ರಾಹಕರೊಬ್ಬರಿಂದ ಬಂದಿದ್ದ ಸೂಚನೆ ಸರಳವಾದುದು: ಒಂದು ಷೇರನ್ನು 6,10,000 ಯೆನ್ ಬೆಲೆಗೆ ಮಾರಬೇಕು. ಗಣಕದ ಮುಂದಿದ್ದ ಸಿಬ್ಬಂದಿ ಬೆಲೆಯನ್ನು ಸಂಖ್ಯೆಯ ಅಂಕಣದಲ್ಲಿಯೂ ಸಂಖ್ಯೆಯನ್ನು ಬೆಲೆಯ ಅಂಕಣದಲ್ಲಿಯೂ ತುಂಬಿದರು. 6,10,000 ಷೇರುಗಳು ತಲಾ ಒಂದು ಯೆನ್‌ಗೆ ಮಾರಾಟಕ್ಕಿವೆ ಎಂಬ ಆದೇಶ ಹೊರಟೇಹೋಯಿತು. ಪರದೆಯ ಮೇಲೆ ಎಚ್ಚರಿಕೆಯೊಂದು ಮೂಡಿತ್ತು, ನಿಜ. ಆದರೆ ಅದನ್ನು ದಾಟಿ ಮುಂದುವರಿಯಲು ಅವಕಾಶವಿತ್ತು, ಹಾಗೆಯೇ ಮುಂದುವರಿಯಲಾಯಿತು. ತಪ್ಪು ಅರಿವಾದ ಮೇಲೆ ಆದೇಶವನ್ನು ರದ್ದುಪಡಿಸಲು ನಡೆದ ಪ್ರಯತ್ನಗಳು ವಿನಿಮಯ ಕೇಂದ್ರದ ತಂತ್ರಾಂಶದಲ್ಲಿದ್ದ ದೋಷದಿಂದಾಗಿ ಫಲಿಸಲಿಲ್ಲ. ಒಟ್ಟು ನಷ್ಟ ಸುಮಾರು 4,000 ಕೋಟಿ ಯೆನ್. 2009ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯವು ವಿನಿಮಯ ಕೇಂದ್ರವೂ ಸುಮಾರು 1,070 ಕೋಟಿ ಯೆನ್ ಭರಿಸಬೇಕೆಂದು ತೀರ್ಪು ನೀಡಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಕಿ ಇನ್ನೊಂದಿದೆ. ಜೆ-ಕಾಮ್ ಹೊರಡಿಸಿದ್ದ ಒಟ್ಟು ಷೇರುಗಳೇ 14,500. ಇರುವುದಕ್ಕಿಂತ ನಲವತ್ತು ಪಟ್ಟು ಹೆಚ್ಚು ಷೇರುಗಳನ್ನು ಮಾರಲು ಹೊರಟ ಆದೇಶವನ್ನು ‘ಇದು ಅಸಾಧ್ಯ’ ಎಂದು ತಡೆದು ನಿಲ್ಲಿಸುವ ಒಂದು ಹೋಲಿಕೆ ಆ ವ್ಯವಸ್ಥೆಯಲ್ಲಿ ಇದ್ದಿದ್ದರೆ ಸಾಕಿತ್ತು. ಬೆರಳು ತಪ್ಪಿದ್ದು ಸಿಬ್ಬಂದಿಯದು. ತಪ್ಪಿದ ಬೆರಳಿಗೆ ದಾರಿ ಬಿಟ್ಟುಕೊಟ್ಟದ್ದು ಯಂತ್ರ.

ಷೇರುಪೇಟೆಯ ಮಾತು ದೂರದ್ದಾಯಿತು ಎನ್ನುವವರು ತಮ್ಮ ಊರಿನ ಸೈಬರ್ ಸೆಂಟರಿಗೆ ವಿದ್ಯಾರ್ಥಿವೇತನದ ಕೊನೆಯ ದಿನ ಒಮ್ಮೆ ಹೋಗಿ ನೋಡಬಹುದು. ಅಲ್ಲಿ ನಡೆಯುವುದು ಇದರ ತಿರುವುಮುರುವು. ಸರಿಯಾದ ಹೆಸರು, ಸರಿಯಾದ ದಿನಾಂಕ, ಸರಿಯಾದ ಖಾತೆ ಸಂಖ್ಯೆ ತುಂಬಿದ ಅರ್ಜಿಯನ್ನು ಪರದೆ ಒಪ್ಪುವುದಿಲ್ಲ. ಕೆಂಪಕ್ಷರದಲ್ಲಿ ಇಂಗ್ಲಿಷಿನ ಎರಡು ಪದ ಮೂಡುತ್ತವೆ, ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ತಪ್ಪನ್ನು ಒಳಗೆ ಬಿಡುವುದು ಒಂದು ದೋಷವಾದರೆ ಸರಿಯಾದುದನ್ನು ಹೊರಗೆ ನೂಕುವುದು ಅಷ್ಟೇ ದೊಡ್ಡ ದೋಷ. ಮೊದಲನೆಯದು ಸುದ್ದಿಯಾಗುತ್ತದೆ, ಎರಡನೆಯದು ಆಗುವುದಿಲ್ಲ.

ಗುಮಾಸ್ತರ ಜಾಗಕ್ಕೆ ಬಂದ ಪರದೆ

ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಕುಳಿತ ಗುಮಾಸ್ತರು ಜೂನ್ 31 ಎಂಬ ಜನ್ಮದಿನಾಂಕವನ್ನು ಕಂಡರೆ ಕೇಳುತ್ತಿದ್ದರು, ತಿದ್ದುತ್ತಿದ್ದರು, ಕೆಲವೊಮ್ಮೆ ಗದರಿ ವಾಪಸು ಕಳುಹಿಸುತ್ತಿದ್ದರು. ಏನೇ ಮಾಡಿದರೂ ಅವರು ಒಬ್ಬ ವ್ಯಕ್ತಿ. ಏಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರನ್ನು ಪ್ರಶ್ನಿಸಬಹುದಿತ್ತು, ಮೇಲಧಿಕಾರಿಗೆ ದೂರಬಹುದಿತ್ತು. ಈಗ ಆ ಕೆಲಸವನ್ನು ಮಾಡುತ್ತಿರುವುದು ತಂತ್ರಾಂಶದ ಕೆಲವು ಸಾಲುಗಳು.

ಇದರಿಂದ ಆಗಿರುವ ಒಂದು ಬದಲಾವಣೆ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕರ್ನಾಟಕದಲ್ಲಿ 2011ರ ‘ಸಕಾಲ’ ಕಾಯ್ದೆಯು ಸರ್ಕಾರಿ ಸೇವೆಗಳಿಗೆ ಕಾಲಮಿತಿ ಗೊತ್ತುಪಡಿಸಿತು. ಅರ್ಜಿ ಸಲ್ಲಿಸಿದವರಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆಯುತ್ತದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಆ ಕಾಯ್ದೆ ಗೊತ್ತುಮಾಡಿತು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೂ ಅವಕಾಶವಿದೆ. ಆದರೆ ಇದೆಲ್ಲವೂ ಆರಂಭವಾಗುವುದು ಅರ್ಜಿ ಸಲ್ಲಿಕೆಯಾದ ಮೇಲೆ. ಯಾವುದೇ ಆನ್‌ಲೈನ್ ನಮೂನೆ ‘ಸಲ್ಲಿಸು’ ಗುಂಡಿಯ ಹಂತದಲ್ಲಿಯೇ ಅರ್ಜಿಯನ್ನು ತಡೆದರೆ ಸಂಖ್ಯೆ ಹುಟ್ಟುವುದಿಲ್ಲ, ಕಾಲಮಿತಿ ಓಡುವುದಿಲ್ಲ, ತಿರಸ್ಕಾರವೂ ದಾಖಲಾಗುವುದಿಲ್ಲ. ಕಡತದ ದೃಷ್ಟಿಯಲ್ಲಿ ಆ ಅರ್ಜಿದಾರರು ಬಂದೇ ಇಲ್ಲ. ನಮೂನೆಯ ಹಿಂದಿರುವ ಪರಿಶೀಲನೆಯ ನಿಯಮಗಳನ್ನು ಬರೆಯುವವರ ಕೈಯಲ್ಲಿ ಎಷ್ಟು ದೊಡ್ಡ ಅಧಿಕಾರವಿದೆ ಎಂಬುದನ್ನು ಇದರಿಂದ ಊಹಿಸಬಹುದು. ಆ ಅಧಿಕಾರ ತಮಗಿದೆಯೆಂಬ ಅರಿವೇ ಅವರಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಆಕಾರ, ಸಾಧ್ಯತೆ, ಸತ್ಯ

ನಮೂನೆಯೊಂದು ತನ್ನೊಳಗೆ ಬಂದ ಮಾಹಿತಿಯನ್ನು ಕುರಿತು ಕೇಳಬಹುದಾದ ಪ್ರಶ್ನೆಗಳು ಮೂರು ಬಗೆಯವು. ಮೊದಲನೆಯದು ಆಕಾರದ ಪ್ರಶ್ನೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್‌ನಲ್ಲಿ ಆರು ಅಂಕಿಗಳಿರುತ್ತವೆ. ಮೊದಲ ಅಂಕಿ ಸೊನ್ನೆಯಾಗಿರುವುದಿಲ್ಲ. ಪ್ಯಾನ್ ಸಂಖ್ಯೆಯಲ್ಲಿ ಮೊದಲು ಐದು ಇಂಗ್ಲಿಷ್ ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಮತ್ತೊಂದು ಅಕ್ಷರ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಸ್ಥಾನಗಳಿದ್ದು ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಸೊನ್ನೆಯ ಬದಲು ‘ಓ’ ಅಕ್ಷರವನ್ನು ಒತ್ತುವವರು ಬಹಳ. ಇದನ್ನು ಬಲ್ಲ ನಮೂನೆಯಾದರೆ ತಾನೇ ತಿದ್ದಿಕೊಳ್ಳಬಹುದು, ಜಗಳ ತೆಗೆಯಬೇಕಾಗಿಲ್ಲ.

ಆಧಾರ್ ಸಂಖ್ಯೆಯಲ್ಲಿ ಇನ್ನೂ ಸೂಕ್ಷ್ಮವಾದ ವ್ಯವಸ್ಥೆಯಿದೆ. ಅದರ 12 ಅಂಕಿಗಳಲ್ಲಿ ಕೊನೆಯದು ಮೊದಲ ಹನ್ನೊಂದರಿಂದ ಲೆಕ್ಕಹಾಕಿ ಪಡೆದ ತಾಳೆಯ ಅಂಕಿ. ಸಂಖ್ಯೆಯನ್ನು ನಕಲು ಮಾಡುವಾಗ ಮನುಷ್ಯರು ಸಾಮಾನ್ಯವಾಗಿ ಎರಡು ಬಗೆಯ ತಪ್ಪು ಮಾಡುತ್ತಾರೆ: ಒಂದು ಅಂಕಿಯನ್ನು ತಪ್ಪಾಗಿ ಒತ್ತುವುದು, ಅಕ್ಕಪಕ್ಕದ ಎರಡು ಅಂಕಿಗಳನ್ನು ಹಿಂದುಮುಂದು ಮಾಡುವುದು. ಅಂಕಿಗಳನ್ನು ಬರಿದೆ ಕೂಡಿ ನೋಡಿದರೆ ಎರಡನೆಯ ತಪ್ಪು ಸಿಕ್ಕುವುದಿಲ್ಲ. 4527ನ್ನು ಕೂಡಿದರೂ 4572ನ್ನು ಕೂಡಿದರೂ ಬರುವುದು 18. ಇವೆರಡೂ ಬಗೆಯ ತಪ್ಪುಗಳನ್ನು ಒಂದನ್ನೂ ಬಿಡದೆ ಹಿಡಿಯುವ ವಿಧಾನವನ್ನು 1969ರಲ್ಲಿ ಪ್ರಕಟಿಸಿದವರು ನೆದರ್ಲೆಂಡ್ಸಿನ ಗಣಿತಜ್ಞ ಯಾಕೋಬಸ್ ವರ್‌ಹೂಫ್. ಆಧಾರ್ ಬಳಸುವುದು ಆ ವಿಧಾನವನ್ನೇ. ಹೀಗಾಗಿ ಇಂಥ ತಪ್ಪು ಸಂಖ್ಯೆಯನ್ನು ಯಾವ ಕೇಂದ್ರಕ್ಕೂ ಕಳುಹಿಸದೆ, ಒತ್ತಿದ ಮರುಕ್ಷಣವೇ ಗುರುತಿಸಲು ಸಾಧ್ಯ.

ಎರಡನೆಯದು ಸಾಧ್ಯತೆಯ ಪ್ರಶ್ನೆ. ಫೆಬ್ರುವರಿ 29 ಆ ವರ್ಷದಲ್ಲಿ ಇತ್ತೇ? 2000ದಲ್ಲಿ ಇತ್ತು, 1900ರಲ್ಲಿ ಇರಲಿಲ್ಲ. ಮಗುವಿನ ಜನ್ಮದಿನ ತಾಯಿಯದಕ್ಕಿಂತ ಹಿಂದಿನದಾಗಬಹುದೇ? ಟೋಕಿಯೊದಲ್ಲಿ ಕಾಣೆಯಾಗಿದ್ದುದು ಈ ಪ್ರಶ್ನೆ.

ಮೂರನೆಯದು ಸತ್ಯದ ಪ್ರಶ್ನೆ. ಇಲ್ಲಿ ನಮೂನೆಯ ಶಕ್ತಿ ಮುಗಿಯುತ್ತದೆ. ಆಕಾರದಲ್ಲಿ ನಿರ್ದುಷ್ಟವಾದ ಖಾತೆ ಸಂಖ್ಯೆ ಬೇರೊಬ್ಬರದಾಗಿರಬಹುದು. ಭಾರತದಲ್ಲಿ ನೆಫ್ಟ್ ಮೂಲಕ ಹಣ ಜಮೆಯಾಗುವುದು ಖಾತೆ ಸಂಖ್ಯೆಯೊಂದರ ಆಧಾರದ ಮೇಲೆ. ಜೊತೆಗೆ ಬರೆದ ಹೆಸರನ್ನು ತಾಳೆ ನೋಡುವ ಕಟ್ಟುಪಾಡು ಬಹುಕಾಲ ಇರಲಿಲ್ಲ. ಒಂದು ಅಂಕಿ ತಪ್ಪಿ ಅದೇ ಸಂಖ್ಯೆಯ ಖಾತೆ ಇನ್ನೊಬ್ಬರದಿದ್ದರೆ ಹಣ ಅವರಿಗೆ ಹೋದಂತೆಯೇ. ಹಣ ಕಳುಹಿಸುವ ಮುನ್ನ ಖಾತೆದಾರರ ಹೆಸರನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿದ್ದು 2024ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ನಮೂನೆಗಳು ಮಾಡುತ್ತಿದ್ದ ಉಪಾಯವೆಂದರೆ ಸಂಖ್ಯೆಯನ್ನು ಎರಡು ಸಲ ತುಂಬಿಸುವುದು. ತಪ್ಪಾಗಿ ಬರೆದುಕೊಂಡ ಚೀಟಿಯನ್ನು ನೋಡಿ ಎರಡು ಸಲವೂ ಅದನ್ನೇ ಒತ್ತಿದವರಿಗೆ ಆ ಉಪಾಯದಿಂದ ಏನೂ ಪ್ರಯೋಜನವಾಗಲಿಲ್ಲ.

ಪರಿಶೀಲನೆ ನಡೆಯಬೇಕಾದ ಸ್ಥಳ

ಅಂತರಜಾಲದ ಆರಂಭದ ದಿನಗಳಲ್ಲಿ ನಮೂನೆಯನ್ನು ತುಂಬಿ ಕಳುಹಿಸಿದ ಮೇಲೆಯೇ, ದೂರದ ಸರ್ವರ್ ಅದನ್ನು ನೋಡಿ ತಪ್ಪಿದ್ದರೆ ಹಿಂದಿರುಗಿಸುತ್ತಿತ್ತು. ದೂರವಾಣಿ ತಂತಿಯ ಮೇಲೆ ತೆವಳುತ್ತಿದ್ದ ಸಂಪರ್ಕದಲ್ಲಿ ಈ ಒಂದು ಸುತ್ತಿಗೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆ ಮೊದಲು ಜನಪ್ರಿಯವಾದದ್ದು ಈ ತೊಂದರೆಯನ್ನು ತಪ್ಪಿಸಿದ್ದರಿಂದಲೂ ಹೌದು. ತಪ್ಪುಗಳನ್ನು ಬಳಕೆದಾರರ ಬ್ರೌಸರ್‌ನಲ್ಲಿಯೇ ಹಿಡಿಯಲು ಅದು ಅನುವು ಮಾಡಿತು. 2014ರಲ್ಲಿ ಶಿಫಾರಸಾಗಿ ಹೊರಬಂದ ಎಚ್‌ಟಿಎಂಎಲ್ 5ರಲ್ಲಿ ‘ಈ ಅಂಕಣ ಕಡ್ಡಾಯ’, ‘ಇಲ್ಲಿ ಇ-ಮೇಲ್ ವಿಳಾಸ ಮಾತ್ರ’ ಎಂಬಂಥ ನಿಯಮಗಳನ್ನು ಪುಟದಲ್ಲಿಯೇ ಬರೆದಿಡಬಹುದಾಯಿತು.

ಅನುಕೂಲ ದೊಡ್ಡದೇ. ಆದರೆ ಬ್ರೌಸರ್ ಇರುವುದು ಬಳಕೆದಾರರ ಕೈಯಲ್ಲಿ. ಅದರೊಳಗಿನ ಪರಿಶೀಲನೆಯನ್ನು ಅವರು ನಿಲ್ಲಿಸಬಹುದು, ಬದಲಿಸಬಹುದು, ಬ್ರೌಸರ್ ಇಲ್ಲದೆಯೇ ಸರ್ವರ್‌ಗೆ ಮಾಹಿತಿ ಕಳುಹಿಸಬಹುದು. ಸರಕಿನ ಬೆಲೆಯನ್ನು ಪುಟದೊಳಗಿನ ಕಾಣದ ಅಂಕಣದಲ್ಲಿ ಅಡಗಿಸಿಟ್ಟು, ಮರಳಿ ಬಂದ ಬೆಲೆಯನ್ನೇ ನಂಬಿದ ಮಳಿಗೆಗಳಿಂದ ಐದು ಸಾವಿರದ ವಸ್ತುವನ್ನು ಐದು ರೂಪಾಯಿಗೆ ಕೊಳ್ಳಲು ಸಾಧ್ಯವಾಗುತ್ತಿತ್ತು. ಬ್ರೌಸರ್‌ನಲ್ಲಿ ನಡೆಯುವ ಪರಿಶೀಲನೆ ತುಂಬುವವರ ಅನುಕೂಲಕ್ಕೆ. ರಕ್ಷಣೆಗೆ ಬೇಕಾದ ಪರಿಶೀಲನೆ ಸರ್ವರ್‌ನಲ್ಲಿ ಮತ್ತೊಮ್ಮೆ ನಡೆಯಲೇಬೇಕು. ಎರಡು ಕಡೆಯ ನಿಯಮಗಳೂ ಒಂದೇ ಆಗಿರಬೇಕೆಂಬುದು ಮುಖ್ಯ. ಬ್ರೌಸರ್ ಒಪ್ಪಿ ಸರ್ವರ್ ಒಪ್ಪದಿದ್ದಾಗ ಹುಟ್ಟುವ ಗೊಂದಲಕ್ಕೆ ಪರದೆಯ ಮೇಲೆ ಉತ್ತರವೇ ಸಿಗುವುದಿಲ್ಲ.

ಡಿ'ಸೋಜ ಅವರ ಹೆಸರಿನ ಚುಕ್ಕೆ

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಎಂಬ ಹೆಸರುಗಳು ಹೇರಳ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಕ್ಷರದ ಪಕ್ಕದಲ್ಲಿ ಅಪಾಸ್ಟ್ರಫಿ ಎಂಬ ಮೇಲ್ಗಡೆಯ ಪುಟ್ಟ ಚಿಹ್ನೆ ಬರುತ್ತದೆ. ಅನೇಕ ನಮೂನೆಗಳು ಇದನ್ನು ಒಪ್ಪುವುದಿಲ್ಲ. ಕಾರಣ ಸ್ವಾರಸ್ಯಕರವಾಗಿದೆ.

ದತ್ತಸಂಚಯಕ್ಕೆ ಆದೇಶ ನೀಡುವ ಎಸ್‌ಕ್ಯುಎಲ್ ಭಾಷೆಯಲ್ಲಿ ಹೆಸರುಗಳನ್ನು ಅದೇ ಚಿಹ್ನೆಗಳ ನಡುವೆ ಇಡುವುದು ಪದ್ಧತಿ. ಕನ್ನಡದಲ್ಲಿ ಅನುಕರಿಸಿ ಹೇಳುವುದಾದರೆ: ಹೆಸರು 'ಮೇರಿ' ಆಗಿರುವವರ ದಾಖಲೆ ಕೊಡು. ಮೇರಿ ಎಂಬುದರ ಜಾಗದಲ್ಲಿ ಡಿ'ಸೋಜ ಎಂದು ಇಟ್ಟರೆ ಹೆಸರು 'ಡಿ' ಎಂಬಲ್ಲಿಗೇ ಮುಗಿದು, ‘ಸೋಜ’ ಎಂಬುದು ಆದೇಶದ ಭಾಗವಾಗಿ ಹೊರಗೆ ಬೀಳುತ್ತದೆ. ಯಂತ್ರ ತಬ್ಬಿಬ್ಬಾಗುತ್ತದೆ. ಇದೇ ಬಿರುಕನ್ನು ಕಂಡುಕೊಂಡ ಕಿಡಿಗೇಡಿಗಳು ‘ಸೋಜ’ದ ಜಾಗದಲ್ಲಿ ‘ಅಥವಾ ಎಲ್ಲರದೂ ಕೊಡು’ ಎಂಬರ್ಥದ ಮಾತನ್ನು ಸೇರಿಸಿದರೆ ದತ್ತಸಂಚಯ ಎಲ್ಲರ ದಾಖಲೆಯನ್ನೂ ಕೊಟ್ಟುಬಿಡುತ್ತದೆ. ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಹೆಸರಾದ ಈ ದಾಳಿಯ ವಿವರಣೆ 1998ರಲ್ಲಿಯೇ ಪ್ರಕಟವಾಗಿತ್ತು. ಹದಿನೇಳು ವರ್ಷಗಳ ನಂತರ, 2015ರ ಅಕ್ಟೋಬರಿನಲ್ಲಿ, ಬ್ರಿಟನ್ನಿನ ಟಾಕ್‌ಟಾಕ್ ದೂರಸಂಪರ್ಕ ಸಂಸ್ಥೆಯ 1,56,959 ಗ್ರಾಹಕರ ಮಾಹಿತಿ ಕಳವಾದದ್ದು ಇದೇ ಹಳೆಯ ದಾರಿಯಿಂದ. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಸಂಸ್ಥೆಗೆ 4,00,000 ಪೌಂಡ್ ದಂಡ ವಿಧಿಸಿತು.

ದಾಳಿಗೆ ಹೆದರಿದವರು ಕಂಡುಕೊಂಡ ಸುಲಭದ ಮದ್ದು ಆ ಚಿಹ್ನೆಯನ್ನೇ ನಿಷೇಧಿಸುವುದು. ಡಿ'ಸೋಜ ಎಂಬುವರು ತಮ್ಮ ಹೆಸರನ್ನು ಬದಲಿಸಿಕೊಂಡು ಬರಬೇಕು, ಅಷ್ಟೆ! ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಬ್ಯಾಂಕಿನಲ್ಲಿ ಇನ್ನೊಂದು ಬಗೆ, ಅಂಕಪಟ್ಟಿಯಲ್ಲಿ ಮತ್ತೊಂದು ಬಗೆಯಾಗಿ ಹೆಸರು ಒಡೆದುಹೋದ ಮೇಲೆ ಅವೆಲ್ಲವೂ ಒಬ್ಬರದೇ ಎಂದು ಸಾಬೀತುಪಡಿಸುವ ಹೊಣೆಯೂ ಅವರದೇ. ಸರಿಯಾದ ಮದ್ದು ಬೇರೆ ಇದೆ. ಅದು ಹಳೆಯದೂ ಹೌದು. ಆದೇಶವನ್ನು ಮೊದಲೇ ಸಿದ್ಧಪಡಿಸಿ ಹೆಸರಿಗೆ ಒಂದು ಖಾಲಿ ಸ್ಥಾನವನ್ನು ಬಿಟ್ಟಿರಬೇಕು. ಹೆಸರು ಬೇರೆಯಾಗಿಯೇ ತಲುಪಬೇಕು. ಆಗ ಅದರಲ್ಲಿ ಯಾವ ಚಿಹ್ನೆಯಿದ್ದರೂ ದತ್ತಸಂಚಯ ಅದನ್ನು ಆದೇಶವೆಂದು ಓದುವುದಿಲ್ಲ. ಇಂದು ಬಳಕೆಯಲ್ಲಿರುವ ಪ್ರಮುಖ ಪ್ರೋಗ್ರಾಮಿಂಗ್ ಭಾಷೆಗಳಲ್ಲೆಲ್ಲ ಈ ಅನುಕೂಲವಿದೆ. ಇಷ್ಟಾದರೂ ಹೆಸರನ್ನು ಕತ್ತರಿಸುವ ನಮೂನೆಗಳು ಉಳಿದುಕೊಂಡಿದ್ದರೆ ಅದು ಸೋಮಾರಿತನವೆಂದೇ ಹೇಳಬೇಕಾಗುತ್ತದೆ.

ಕನ್ನಡದಲ್ಲಿ ತುಂಬಿದರೆ

ಕನ್ನಡ ಲಿಪಿಯಲ್ಲಿ ತುಂಬುವ ನಮೂನೆಗಳ ತೊಡಕುಗಳು ಬೇರೆಯೇ ಬಗೆಯವು. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂಬ ನಿರುಪದ್ರವಿ ನಿಯಮವನ್ನೇ ನೋಡೋಣ. ಯೂನಿಕೋಡ್ ಶಿಷ್ಟತೆಯಲ್ಲಿ ಲ, ಕ, ಷ, ಮ ಇವು ಅಕ್ಷರಗಳೆಂಬ ವರ್ಗಕ್ಕೆ ಸೇರುತ್ತವೆ. ಗುಣಿತದ ಚಿಹ್ನೆಗಳು ಮತ್ತು ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ ‘ಗುರುತು’ಗಳೆಂಬ ಬೇರೆ ವರ್ಗಕ್ಕೆ ಸೇರುತ್ತವೆ. ಅಕ್ಷರಗಳನ್ನು ಮಾತ್ರ ಒಪ್ಪುವಂತೆ ಬರೆದ ನಿಯಮಕ್ಕೆ ‘ಲಕ್ಷ್ಮಿ’ ಎಂಬ ಹೆಸರು ಅಮಾನ್ಯ! ‘ಕಮಲ’ ಮಾತ್ರ ಪಾಸಾಗುತ್ತದೆ. ನಿಯಮ ಬರೆದವರು ಇಂಗ್ಲಿಷ್ ಹೆಸರುಗಳಿಂದ ಪರೀಕ್ಷಿಸಿ ತೃಪ್ತರಾಗಿರುತ್ತಾರೆ.

ಉದ್ದದ ಲೆಕ್ಕವೂ ಹೀಗೆಯೇ. ಓದುವವರ ಕಣ್ಣಿಗೆ ‘ಲಕ್ಷ್ಮಿ’ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು ಎಂಬ ಏಳು ಸಂಕೇತಗಳ ಸಾಲು. ಅಂತರಜಾಲದಲ್ಲಿ ಬಹುತೇಕ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ಒಟ್ಟು 21. ಹೆಸರಿಗೆ 20 ಬೈಟ್ ಜಾಗ ಬಿಟ್ಟ ದತ್ತಸಂಚಯದಲ್ಲಿ ಎರಡಕ್ಷರದ ಲಕ್ಷ್ಮಿಯೂ ಹಿಡಿಯುವುದಿಲ್ಲ. ಎಚ್ಚರಿಕೆ ನೀಡದೆ ಕೊನೆಯನ್ನು ಕತ್ತರಿಸುವ ವ್ಯವಸ್ಥೆಗಳಲ್ಲಿ ಗುಡಿಸು ಕಳೆದು ಮುರಿದ ಹೆಸರು ಉಳಿಯುತ್ತದೆ.

ಇನ್ನೊಂದು ತೊಡಕು ಕನ್ನಡಿಗರು ತಾವೇ ಮಾಡಿಕೊಂಡದ್ದು. ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಒಂದೇ ತೆರನಾದ ಬಳೆಗಳು. ‘ಶಂಕರ’ ಎಂದು ಅನುಸ್ವಾರದಿಂದ ಬರೆಯಬೇಕಾದಲ್ಲಿ ‘ಶ೦ಕರ’ ಎಂದು ಸೊನ್ನೆಯಿಂದ ಬರೆದರೆ ಮುದ್ರಣದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಗಣಕದ ಪಾಲಿಗೆ ಅವು ಬೇರೆ ಬೇರೆ ಹೆಸರುಗಳು. ಹುಡುಕಿದರೆ ಒಂದು ಸಿಕ್ಕೀತು, ಇನ್ನೊಂದು ಸಿಗದು. ಹಾಗೆಯೇ ‘ಕೊ’ ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರದ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕೀಲಿಮಣೆಯ ತಂತ್ರಾಂಶ ಯಾವುದೆಂಬುದರ ಮೇಲೆ ಅದು ನಿಂತಿದೆ. ಇವೆರಡನ್ನೂ ಒಂದೇ ರೂಪಕ್ಕೆ ತರುವ ‘ಸಾಮಾನ್ಯೀಕರಣ’ದ ನಿಯಮಗಳನ್ನು ಯೂನಿಕೋಡ್ ಸಂಸ್ಥೆಯೇ ಪ್ರಕಟಿಸಿದೆ. ಮಾಹಿತಿಯನ್ನು ಸಂಗ್ರಹಿಸುವ ಮುನ್ನ ಆ ನಿಯಮಗಳನ್ನು ಅನ್ವಯಿಸಿದರೆ ಕೊಡಗಿನ ಕಡತದಲ್ಲಿ ಎರಡು ಕೊಡಗುಗಳು ಇರುವುದಿಲ್ಲ. ಸೊನ್ನೆ-ಅನುಸ್ವಾರದ ಗೊಂದಲವನ್ನು ಮಾತ್ರ ಆ ನಿಯಮಗಳು ಬಿಡಿಸುವುದಿಲ್ಲ. ಅದಕ್ಕೆ ತಂತ್ರಾಂಶ ಬರೆಯುವವರೇ ಒಂದು ಸಾಲು ಸೇರಿಸಿಕೊಳ್ಳಬೇಕು.

ಎಲ್ಲವನ್ನೂ ಶುಚಿಗೊಳಿಸಲು ಹೊರಟವರಿಗೆ ಒಂದು ಎಚ್ಚರ ಬೇಕು. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜ ಮತ್ತು ಕ ಸೇರಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತವೊಂದು ನಡುವೆ ಕುಳಿತಿರುತ್ತದೆ. ಕಾಣದ್ದೆಲ್ಲ ಕಸವೆಂದು ತೆಗೆದುಹಾಕಿದರೆ ಉಳಿಯುವುದು ‘ರಾಜ್ಕುಮಾರ್’.

ತುಂಬುವವರು ಒತ್ತಿದ್ದನ್ನು ತಿರಸ್ಕರಿಸುವ ಬದಲು ಯಂತ್ರವೇ ಸರಿಪಡಿಸಿಕೊಳ್ಳಬಹುದಾದ ಸಂಗತಿಗಳು ಇಂಗ್ಲಿಷ್ ನಮೂನೆಗಳಲ್ಲಿಯೂ ಹಲವಿವೆ. ಮೊಬೈಲ್ ಸಂಖ್ಯೆಯ ಮುಂದೆ +91 ಇದ್ದರೆ, ನಡುವೆ ಖಾಲಿ ಜಾಗವಿದ್ದರೆ, ೯೮೪೫ ಎಂದು ಕನ್ನಡ ಅಂಕಿಯಲ್ಲಿದ್ದರೆ ಅದನ್ನು ಹತ್ತು ಅಂಕಿಗಳ ರೂಪಕ್ಕೆ ತಂದುಕೊಳ್ಳುವುದು ಯಂತ್ರಕ್ಕೆ ಕ್ಷಣದ ಕೆಲಸ. ಅದನ್ನು ಎಪ್ಪತ್ತು ವರ್ಷದ ಪಿಂಚಣಿದಾರರ ಮೇಲೆ ಹೊರಿಸುವುದೇಕೆ?

ಕೊನೆಯ ಹೆಸರು ಇಲ್ಲದವರು

ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಡ್ಡಾಯ ಅಂಕಣಗಳು ಪಾಶ್ಚಾತ್ಯ ಕುಟುಂಬಪದ್ಧತಿಯ ಪಳೆಯುಳಿಕೆ. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಹೆಸರಿನ ಹಿಂದೆ ಬರುತ್ತವೆ; ಕೊನೆಯ ಹೆಸರೆಂಬುದೇ ಅನೇಕರಿಗಿಲ್ಲ. ಇದ್ದ ಒಂದಕ್ಷರವನ್ನು ತುಂಬಿದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎಂಬ ಉತ್ತರ. ಚುಕ್ಕೆಯಿಟ್ಟರೆ ‘ವಿಶೇಷ ಚಿಹ್ನೆಗೆ ಅವಕಾಶವಿಲ್ಲ’. ಬೇಸತ್ತು ಹೆಸರನ್ನೇ ಎರಡು ಬಾರಿ ತುಂಬುವವರುಂಟು, ತಂದೆಯ ಹೆಸರನ್ನು ಸೇರಿಸುವವರುಂಟು. ಈ ಕ್ಷಣದ ಪರಿಹಾರ ಮುಂದೆ ಇನ್ನೊಂದು ಕಡತದೊಂದಿಗೆ ತಾಳೆಯಾಗದೆ ಕಾಡುತ್ತದೆ.

ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿ ಅಮೆರಿಕಕ್ಕೆ ಹೋದವರ ವೀಸಾದಲ್ಲಿ ಆ ಹೆಸರು ಕುಟುಂಬದ ಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿಯದು ಎಂಬುದರ ಸಂಕ್ಷೇಪವದು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂದು ಅನಂತರ ಸಡಿಲಿಸಿತು. ನಮೂನೆಯ ಎರಡು ಚೌಕಗಳು ವಿಮಾನ ನಿಲ್ದಾಣದ ಬಾಗಿಲಿನವರೆಗೆ ಬೆಳೆಯಬಲ್ಲವು. ಹೆಸರುಗಳ ವಿಷಯದಲ್ಲಿ ತಂತ್ರಾಂಶ ರಚನಾಕಾರರು ನಂಬಿಕೊಂಡಿರುವ 40 ಸುಳ್ಳುಗಳನ್ನು ಪ್ಯಾಟ್ರಿಕ್ ಮೆಕೆಂಜಿ ಎಂಬ ಅಮೆರಿಕನ್ ತಂತ್ರಜ್ಞ 2010ರಲ್ಲಿ ಪಟ್ಟಿಮಾಡಿದರು. ಜಪಾನಿನಲ್ಲಿ ನೆಲೆಸಿದ್ದ ಅವರ ಸ್ವಂತ ಹೆಸರೇ ಅಲ್ಲಿನ ಗಣಕಗಳಿಗೆ ಸರಿಹೊಂದುತ್ತಿರಲಿಲ್ಲ. ‘ಪೂರ್ಣ ಹೆಸರು’ ಎಂಬ ಒಂದೇ ಉದ್ದನೆಯ ಅಂಕಣವಿಟ್ಟರೆ ಈ ರಗಳೆಯ ಬಹುಪಾಲು ತಪ್ಪುತ್ತದೆ.

ದೋಷ ಸಂದೇಶದ ಭಾಷೆ

‘ಅಮಾನ್ಯ ಮಾಹಿತಿ’ ಎಂಬ ಸಂದೇಶ ಯಾರಿಗೂ ಏನನ್ನೂ ಹೇಳುವುದಿಲ್ಲ. ‘ಮೊಬೈಲ್ ಸಂಖ್ಯೆಯಲ್ಲಿ 9 ಅಂಕಿಗಳಿವೆ, 10 ಬೇಕು’ ಎಂದರೆ ಕೆಲಸವಾಗುತ್ತದೆ. ಸಂದೇಶ ಆಯಾ ಅಂಕಣದ ಪಕ್ಕದಲ್ಲಿಯೇ ಇರಬೇಕು. ತಪ್ಪುಗಳು ಐದಿದ್ದರೆ ಐದನ್ನೂ ಒಮ್ಮೆಗೇ ತೋರಿಸಬೇಕು. ಒಂದನ್ನು ತಿದ್ದಿದ ಮೇಲೆ ಇನ್ನೊಂದನ್ನು ಹೇಳುವ ನಮೂನೆ ತಾಳ್ಮೆಯ ಪರೀಕ್ಷೆ ಮಾಡುತ್ತದೆ. ತುಂಬಿದ್ದು ಅಳಿಯಬಾರದು. ಭಾವಚಿತ್ರ 50 ಕೆಬಿಯೊಳಗಿರಬೇಕೆಂಬ ನಿಯಮವಿದ್ದರೆ ಚಿತ್ರ ಕಳುಹಿಸುವ ಮೊದಲೇ ತಿಳಿಸಬೇಕು. ಅಂಕಣದ ಗೆರೆಯನ್ನು ಕೆಂಪಾಗಿಸಿ ಸುಮ್ಮನಾದರೆ ಬಣ್ಣಗುರುಡು ಇರುವವರಿಗೂ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧರಿಗೂ ತಪ್ಪೆಲ್ಲಿದೆ ಎಂಬುದು ತಿಳಿಯದು. ತಪ್ಪನ್ನು ಪಠ್ಯದಲ್ಲಿ ಹೇಳಬೇಕು, ಸಾಧ್ಯವಾದಲ್ಲಿ ತಿದ್ದುವ ಬಗೆ ಸೂಚಿಸಬೇಕು ಎಂದು 2008ರ ಡಿಸೆಂಬರಿನಲ್ಲಿ ಹೊರಬಂದ ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ವಿಧಿಸಿದೆ. ಇದಕ್ಕೆ ಒಂದು ಅಪವಾದವುಂಟು. ಖಾತೆಗೆ ಪ್ರವೇಶಿಸುವಾಗ ತಪ್ಪಿದ್ದು ಬಳಕೆದಾರರ ಹೆಸರೋ ಗುಪ್ತಪದವೋ ಎಂಬುದನ್ನು ಬಿಡಿಸಿ ಹೇಳಬಾರದು. ಹೇಳಿದರೆ ಕಳ್ಳರ ಅರ್ಧ ಕೆಲಸ ಮುಗಿದಂತೆ.

ಗ್ರಾಮೀಣ ಭಾಗದಲ್ಲಿ ಅರ್ಜಿದಾರರು ಒಬ್ಬರು, ತುಂಬುವವರು ಇನ್ನೊಬ್ಬರು ಎಂಬುದನ್ನು ನಮೂನೆ ರೂಪಿಸುವವರು ಮರೆಯುತ್ತಾರೆ. ಸೈಬರ್ ಸೆಂಟರಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಕುಳಿತವರು ಇಂಗ್ಲಿಷ್ ಸಂದೇಶವನ್ನು ಓದಿ, ‘ಸರ್ವರ್ ಇಲ್ಲ, ನಾಳೆ ಬನ್ನಿ ಅಜ್ಜಿ’ ಎಂದರೆ ಅಜ್ಜಿ ಒಂದು ದಿನದ ಕೂಲಿ ಕಳೆದುಕೊಂಡು ಮರಳಿ ಬರಬೇಕು. ಸಂದೇಶ ಕನ್ನಡದಲ್ಲಿದ್ದು, ಮುದ್ರಿಸಿ ಕೈಗೆ ಕೊಡುವಂತಿದ್ದರೆ ಮನೆಯಲ್ಲಿ ಓದಬಲ್ಲ ಮೊಮ್ಮಗಳಾದರೂ ನಿಜವಾದ ಕಾರಣವನ್ನು ತಿಳಿದಾಳು.

ಎಚ್ಚರಿಕೆಯ ಮಾತು ಅಸ್ಪಷ್ಟವಾಗಿದ್ದರೆ ತಜ್ಞರೂ ಎಡವುತ್ತಾರೆ. 2020ರ ಆಗಸ್ಟ್ 11ರಂದು ಸಿಟಿಬ್ಯಾಂಕ್, ರೆವ್ಲಾನ್ ಎಂಬ ಪ್ರಸಾಧನ ಕಂಪನಿಯ ಪರವಾಗಿ ಸಾಲಗಾರ ಸಂಸ್ಥೆಗಳಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳುಹಿಸಬೇಕಾಗಿತ್ತು. ಅಸಲು ಬ್ಯಾಂಕಿನೊಳಗಿನ ಖಾತೆಯಲ್ಲೇ ಉಳಿಯಬೇಕಾದರೆ ಪರದೆಯ ಮೇಲಿನ ಮೂರು ಚೌಕಗಳಿಗೂ ಗುರುತು ಹಾಕಬೇಕಿತ್ತು. ಒಂದಕ್ಕೆ ಮಾತ್ರ ಹಾಕಲಾಯಿತು. ಭಾರತದಲ್ಲಿದ್ದ ಇಬ್ಬರು, ಅಮೆರಿಕದಲ್ಲಿದ್ದ ಒಬ್ಬರು, ಹೀಗೆ ಮೂವರು ನೋಡಿ ಅನುಮೋದಿಸಿದರು. ಹಣ ಬ್ಯಾಂಕಿನಿಂದ ಹೊರಗೆ ಹೋಗಲಿದೆ, ಮುಂದುವರಿಯಬೇಕೇ ಎಂದು ಪರದೆ ಕೇಳಿತು. ಬಡ್ಡಿಯಂತೂ ಹೊರಗೆ ಹೋಗಬೇಕಾದುದೇ, ಆದ್ದರಿಂದ ಹೌದೆಂದರು. ಎಷ್ಟು ಹಣ ಎಂಬುದನ್ನು ಆ ಸಂದೇಶ ಹೇಳಿರಲಿಲ್ಲ. ಹೋದದ್ದು ಸುಮಾರು 90 ಕೋಟಿ ಡಾಲರ್. ಅದರಲ್ಲಿ ಸುಮಾರು 50 ಕೋಟಿಯನ್ನು ಪಡೆದವರು ಹಿಂದಿರುಗಿಸಲೊಪ್ಪದೆ, 2021ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು; 2022ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು.

ತಪ್ಪು ಸರ್ವರ್‌ನದಾದಾಗ

ತುಂಬಿದವರ ತಪ್ಪೇ ಇಲ್ಲದೆ ವ್ಯವಸ್ಥೆ ಕುಸಿಯುವುದೂ ಉಂಟು. ಆಗ ದತ್ತಸಂಚಯದ ಪಟ್ಟಿಗಳ ಹೆಸರನ್ನೂ ತಂತ್ರಾಂಶದ ಒಳಸಾಲುಗಳನ್ನೂ ಪರದೆಯ ಮೇಲೆ ಸುರಿಯುವ ತಾಣಗಳಿವೆ. ಅದರಿಂದ ಅರ್ಜಿದಾರರಿಗೆ ಉಪಯೋಗವಿಲ್ಲ, ದಾಳಿಕೋರರಿಗೆ ಮಾತ್ರ ಮನೆಯ ನಕ್ಷೆ ಸಿಕ್ಕಂತಾಗುತ್ತದೆ. ‘ತೊಂದರೆ ವ್ಯವಸ್ಥೆಯದು, ತುಂಬಿದ ಮಾಹಿತಿ ಉಳಿದಿದೆ, ಈ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ’ ಎಂಬ ಮೂರು ಮಾತು ಪರದೆಗೆ ಸಾಕು. ಒಳಗಿನ ವಿವರ ಸರ್ವರ್‌ನ ದಾಖಲೆಗೆ ಹೋಗಲಿ.

ಹಣ ಪಾವತಿಯ ಹಂತದಲ್ಲಿ ಹೀಗಾದರೆ ಆತಂಕ ಹೆಚ್ಚು. ಗುಂಡಿ ಒತ್ತಿ ಅರ್ಧ ನಿಮಿಷ ಏನೂ ಆಗದಿದ್ದಾಗ ಮತ್ತೊಮ್ಮೆ ಒತ್ತುವುದು ಸಹಜ. ಪ್ರತಿ ಪಾವತಿಗೂ ಒಂದು ವಿಶಿಷ್ಟ ಗುರುತು ನೀಡಿ, ಅದೇ ಗುರುತಿನ ಎರಡನೆಯ ಕೋರಿಕೆ ಬಂದರೆ ಹೊಸದಾಗಿ ಹಣ ಕಡಿತಗೊಳಿಸದೆ ಮೊದಲಿನ ಫಲಿತಾಂಶವನ್ನೇ ತೋರಿಸುವುದು ಇದಕ್ಕೆ ಸರಿಯಾದ ಉಪಾಯ. ‘ಪುಟವನ್ನು ಮುಚ್ಚಬೇಡಿ, ಹಿಂದಕ್ಕೆ ಹೋಗಬೇಡಿ’ ಎಂದು ಬೇಡಿಕೊಳ್ಳುವ ಪರದೆಗಳು ಆ ಕೆಲಸವನ್ನು ಬಳಕೆದಾರರ ಎಚ್ಚರಕ್ಕೆ ಬಿಟ್ಟಿವೆ. ಹಣ ಕಡಿತವಾಗಿ ಸೇರಬೇಕಾದಲ್ಲಿ ಸೇರದ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವುಗಳನ್ನು ನಿಗದಿಪಡಿಸಿತು. ಯುಪಿಐ ಮೂಲಕ ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ವ್ಯವಹಾರದ ಮರುದಿನದೊಳಗೆ, ವ್ಯಾಪಾರಿಗೆ ಪಾವತಿಸಿದ ಹಣ ಐದು ದಿನದೊಳಗೆ ಸರಿಹೋಗದಿದ್ದರೆ ಅನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಗ್ರಾಹಕರು ದೂರು ಕೊಡುವವರೆಗೆ ಕಾಯದೆ ಕೊಡಬೇಕೆಂಬುದು ಅದರ ಆಶಯ.

ಹಣದ ವಿಷಯದಲ್ಲಿರುವ ಈ ಲೆಕ್ಕ ಅರ್ಜಿಗಳ ವಿಷಯದಲ್ಲಿ ಇಲ್ಲ. ಯಾವ ಅಂಕಣದಲ್ಲಿ ದಿನಕ್ಕೆ ಎಷ್ಟು ಮಂದಿ ನಿಂತುಹೋದರು, ಎಷ್ಟು ಸಲ ಯತ್ನಿಸಿ ಕೈಬಿಟ್ಟರು ಎಂಬುದನ್ನು ಎಣಿಸಿಡುವುದು ಸರ್ವರ್‌ಗೆ ಕಷ್ಟವೇನಲ್ಲ. ಗುಪ್ತಪದ, ಆಧಾರ್ ಸಂಖ್ಯೆಗಳನ್ನು ಆ ದಾಖಲೆಯಿಂದ ಹೊರಗಿಟ್ಟು, ಅಂಕಣದ ಹೆಸರು, ತಿರಸ್ಕರಿಸಿದ ನಿಯಮ ಮತ್ತು ಸಮಯವನ್ನು ಬರೆದಿಟ್ಟರೆ ಆಯಿತು. ಅಂಥ ಪಟ್ಟಿಯೊಂದು ವಾರಕ್ಕೊಮ್ಮೆ ಇಲಾಖೆಯ ಮೇಜಿಗೆ ಬಂದರೆ, ‘ಕೊನೆಯ ಹೆಸರು’ ಅಂಕಣದಲ್ಲಿ ನಿಂತುಹೋದವರೆಷ್ಟು, ಅಪಾಸ್ಟ್ರಫಿಗಾಗಿ ಮರಳಿಹೋದವರೆಷ್ಟು ಎಂಬುದು ಮೊದಲ ಪುಟದಲ್ಲಿಯೇ ಕಾಣುತ್ತದೆ.